ಒಂದರಿಂದ ಒಂದೂವರೆ

ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಬೇರೆಯವರ ಹೊತ್ತನ್ನು ಬರೆದೆ. ಬಂದ ಹೊತ್ತು, ಹೋದ ಹೊತ್ತು, ಉಂಡ ಹೊತ್ತು. ಟೈಮ್ ಆಫೀಸು ಅಂತ ಅದರ ಹೆಸರು. ಮಿಲ್ಲಿನ ಗೇಟಿಗೆ ಹೊಂದಿಕೊಂಡು ಒಂದು ಕೋಣೆ, ಕೋಣೆಗೊಂದು ಕಿಟಕಿ, ಕಿಟಕಿಗೆ ಸರಳು, ಸರಳಿನ ಈಚೆ ನಾನು. ಮೊನ್ನೆ ನಮ್ಮ ಓಣಿಯ ಒಬ್ಬಾಕೆಗೆ ಯಾದಗಿರಿಯ ಬೇಳೆ ಮಿಲ್ಲಿನಲ್ಲಿ ಇದೇ ಕೆಲಸ ಸಿಕ್ಕಿತು. ಪೇಢೆ ಕೊಡಲು ಬಂದವಳು, "ಕಾಕಾ, ನೀವೂ ಇದೇ ಕೆಲಸ ಮಾಡೀರಂತಲ್ರಿ, ಹೆಂಗಿರ್ತದ ಹೇಳ್ರಿ" ಎಂದಳು. "ಚಲೋ ಇರ್ತದವ್ವ, ನೆರಳಾಗ ಕುಂತು ಮಾಡೋ ಕೆಲಸ" ಎಂದು ಹಾರಿಕೆಯ ಮಾತಾಡಿ ಕಳಿಸಿಬಿಟ್ಟೆ. ಆಕೆ ಹೋದ ಮೇಲೆ ಪೇಢೆ ಬಾಯಿಗೆ ಹಾಕಿಕೊಳ್ಳಲು ಮನಸ್ಸಾಗಲಿಲ್ಲ. ಆಕೆಗೆ ಹೇಳಬೇಕಾಗಿದ್ದದ್ದು ಇದು.

ನನಗೆ ಸಿಕ್ಕ ಬಡ್ತಿ ಎರಡು. ಅವುಗಳ ಕಥೆ ಕೇಳಿದರೆ ಆಕಳಿಕೆ ಬರುತ್ತದೆ, ಬಿಡಿ.

ಶುರು ಮಾಡಿದ್ದು ಕೆನಾಲಿನ ಮೇಲೆ. ಕೃಷ್ಣೆಯ ನೀರು ನಮ್ಮ ಹೊಲಕ್ಕೆ ಬರುತ್ತದೆ ಅಂತ ಶಹಾಪುರ, ಸುರಪುರದ ಸೀಮೆಯ ನೆಲವನ್ನೆಲ್ಲ ಅಗೆಯುತ್ತಿದ್ದ ಕಾಲ ಅದು. ಗುತ್ತಿಗೆದಾರನೊಬ್ಬನ ಕೈಕೆಳಗೆ ನಾನು ಹಾಜರಿ ಬರೆಯುವ ಕಾರಕೂನ. ನನ್ನ ಮೇಲೆ ಮೆಹಬೂಬ ಸಾಬರು ಅಂತ ಮುನ್ಶಿ. ನಿಜಾಮನ ಕಾಲದಲ್ಲಿ ಉರ್ದು ಕಲಿತವರು, ಕನ್ನಡವನ್ನು ಬಲಗಡೆಯಿಂದ ಶುರು ಮಾಡುತ್ತಾರೋ ಏನೋ ಅನ್ನುವಷ್ಟು ನಿಧಾನವಾಗಿ ಬರೆಯುತ್ತಿದ್ದರು. ಮಧ್ಯಾಹ್ನ ಜಾಲಿಮರಕ್ಕೆ ನೇತುಹಾಕಿದ ಕಬ್ಬಿಣದ ತುಂಡಿಗೆ ಬಡಿದರೆ ಊಟದ ಹೊತ್ತು. ಸಾಬರು ಬಡಿದು ಸುಮ್ಮನೆ ಕೂಡುತ್ತಿರಲಿಲ್ಲ. ಛತ್ರಿ ಹಿಡಿದು ಒಂದೊಂದು ಗುಂಪಿನ ಹತ್ತಿರ ಹೋಗಿ, ಜನ ರೊಟ್ಟಿ ಬಿಚ್ಚಿದ್ದನ್ನು ಕಣ್ಣಿಂದ ನೋಡಿ, ಆಮೇಲೆ ಬರೆಯುತ್ತಿದ್ದರು. ನನಗೆ ಅದು ಹುಚ್ಚಿನಂತೆ ಕಾಣುತ್ತಿತ್ತು.

ಒಂದು ದಿನ ಬಿಸಿಲು ತಲೆ ಒಡೆಯುವಂತಿತ್ತು. ದೂರದ ಗುಂಪಿನ ತನಕ ಹೋಗಲಾರದೆ ನಾನು ನೆರಳಲ್ಲೇ ಕೂತು ಅವರ ಊಟದ ಹೊತ್ತು ತುಂಬಿಬಿಟ್ಟೆ. ಆ ದಿನ ಅಲ್ಲಿ ಬಂಡೆಗೆ ಮದ್ದು ಇಟ್ಟಿದ್ದರು. ಅದು ಸಿಡಿಯುವ ತನಕ ಯಾರೂ ಉಂಡಿರಲಿಲ್ಲ, ಹೊತ್ತು ಇಳಿದ ಮೇಲೆ ಉಂಡಿದ್ದರು. ಸಾಬರು ಪುಸ್ತಕ ತೆರೆದು ನನ್ನ ಮುಂದೆ ಹಿಡಿದರು.

"ನೀ ನೋಡಿ ಬರದೀ ಏನು?"

"ಇಲ್ರಿ ಮುನ್ಶಿಯವ್ರ. ದಿನಾ ಅದೇ ಹೊತ್ತಿಗಿ ಉಣ್ತಾರಲ್ರಿ."

"ದಿನಾ ಉಣ್ತಾರಂತ ಇವತ್ತು ಉಂಡಾರಂತ ಬರೀತೀ? ನಾಳಿ ಯಾವನರ ಸತ್ರ, ದಿನಾ ಜಿಂದಾ ಇರ್ತಿದ್ದ ಅಂತ ಹಾಜರಿ ಹಾಕ್ತೀ ಏನಲೇ? ನೋಡಿಲ್ಲಂದ್ರ ಖಾಲಿ ಬಿಡು. ಖಾಲಿ ಬಿಟ್ರ ಯಾರೂ ನಿನ್ನ ಫಾಸಿಗಿ ಹಾಕಂಗಿಲ್ಲ."

ಜನರೆಲ್ಲ ನಕ್ಕರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸಾಬರ ಮೇಲೆ ಎಂಟು ದಿನ ಸಿಟ್ಟು ಹಿಡಿದಿದ್ದೆ. ಆದರೆ ಆಮೇಲೆ ಎಷ್ಟೋ ವರ್ಷ ನೋಡದ ಹೊತ್ತನ್ನು ನಾನು ಬರೆಯಲಿಲ್ಲ.

ನೀರು ಬಂತು. ಜೋಳ, ತೊಗರಿ ಇದ್ದ ಕಡೆ ಭತ್ತ ಬಂತು, ಹತ್ತಿ ಬಂತು. ಹತ್ತಿಯ ಬೆನ್ನಿಗೆ ಜಿನ್ನಿಂಗ್ ಮಿಲ್ಲುಗಳು ಬಂದವು. ಕೆನಾಲಿನ ಕೆಲಸ ಮುಗಿದ ಮೇಲೆ ಶಹಾಪುರದ ಹೊರಗೆ ಅಂಥದೊಂದು ಮಿಲ್ಲಿಗೆ ನಾನು ಸೇರಿದೆ. ಹತ್ತಿಯಿಂದ ಬೀಜ ಬಿಡಿಸುವ ಯಂತ್ರಗಳು ಎರಡು ಸಾಲು. ಒಂದೊಂದರ ಮುಂದೆ ಒಬ್ಬ ಹೆಂಗಸು ನಿಂತು, ಬುಟ್ಟಿಯಿಂದ ಹತ್ತಿ ತೆಗೆದು ಉರುಳೆಗಳ ಬಾಯಿಗೆ ಕೊಡುತ್ತಿರಬೇಕು. ಹಗುರಾದ ಕೆಲಸ ಅಂತ ನೋಡಿದವರಿಗೆ ಅನ್ನಿಸುತ್ತದೆ. ಸಂಜೆ ಹೊರಗೆ ಬರುವಾಗ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿ, ಇಪ್ಪತ್ತರ ಹೆಂಗಸೂ ಮುದುಕಿಯ ಹಾಗೆ ಕಾಣುತ್ತಿದ್ದಳು. ಕೆಮ್ಮು ಸುಗ್ಗಿ ಮುಗಿದರೂ ಬಿಡುತ್ತಿರಲಿಲ್ಲ.

ಮೊದಲ ವರ್ಷಗಳಲ್ಲಿ ಒಂದಕ್ಕೆ ನಾನು ಗಂಟೆ ಬಾರಿಸಿದರೆ ಎಲ್ಲ ಯಂತ್ರ ನಿಲ್ಲುತ್ತಿದ್ದವು. ಒಮ್ಮೆ ನನ್ನ ಕೈಗಡಿಯಾರ ನಿಂತುಹೋಗಿ, ಗೊತ್ತೇ ಆಗದೆ, ಗಂಟೆ ಬಾರಿಸುವುದು ಬಹಳ ತಡವಾಯಿತು. ಯಾರೂ ಬಾಯಿ ಬಿಡಲಿಲ್ಲ. ಒಬ್ಬಳು ಮಾತ್ರ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡೇ ಕಿಟಕಿಗೆ ಬಂದಳು.

"ಅಣ್ಣಾರ, ನಿಮ್ಮ ಗಡಿಯಾರಕ್ಕಿಂತ ನಮ್ಮ ಹೊಟ್ಟಿ ಚಲೋ ಟೈಮ್ ತೋರಸ್ತದ ನೋಡ್ರಿ. ಬೇಕಂದ್ರ ಇದಕ್ಕೇ ಬೆಲ್ಟ್ ಕಟ್ಟಿ ನಿಮ್ಮ ಕೈಗಿ ಹಾಕ್ತೀನಿ."

ಆಕೆ ಸಾಬಮ್ಮ. ಕಕ್ಕೇರಾದಿಂದ ಪ್ರತಿ ಸುಗ್ಗಿಗೆ ಬಂದು, ಮಿಲ್ಲಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಇರುತ್ತಿದ್ದಳು. ಗಂಡ ಬೇಗ ತೀರಿಕೊಂಡಿದ್ದ. ಒಬ್ಬಳು ಮಗಳು. ಎತ್ತರದ ಆಳು, ದೊಡ್ಡ ಬಾಯಿ, ಅಷ್ಟೇ ಚುರುಕು ಕೈ. ಸಾಲಿನಲ್ಲಿ ಆಕೆಯ ಯಂತ್ರದಷ್ಟು ಅರಳೆ ಮತ್ತೊಂದರಿಂದ ಬರುತ್ತಿರಲಿಲ್ಲ. ಆವತ್ತಿಂದ ಬೆಳಿಗ್ಗೆ ಬಂದಾಗೊಮ್ಮೆ, "ಅಣ್ಣಾರ, ಗಡಿಯಾರಕ್ಕ ಕೀಲಿ ಕೊಟ್ಟೀರಿ?" ಅಂತ ಕೇಳಿಯೇ ಒಳಗೆ ಹೋಗುತ್ತಿದ್ದಳು. ನಾನೂ, "ಹೋಗವ್ವ ಹೋಗು, ಬಾಯಿ ಬಿಟ್ಟು ಕೈ ಆಡಸು" ಅನ್ನುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಆ ಮಾತಿಗೆ ನಾನು ಕಾಯುತ್ತಿದ್ದೆ.

ಹತ್ತಿ ಹೆಚ್ಚಾಯಿತು. ಗಾಡಿಗಳು ರಸ್ತೆಯ ತನಕ ಸಾಲುಗಟ್ಟಿ ನಿಲ್ಲತೊಡಗಿದವು. ಸುಗ್ಗಿಯ ದಿನಗಳಲ್ಲಿ ಯಂತ್ರ ನಿಲ್ಲಿಸಬಾರದು ಅಂತ ಸಾವುಕಾರರ ಹುಕುಂ ಆಯಿತು. ಗಂಟೆ ತೆಗೆದುಬಿಟ್ಟರು. ಆಗ ಹೆಂಗಸರು ತಾವೇ ಒಂದು ಪದ್ಧತಿ ಮಾಡಿಕೊಂಡರು. ಪಕ್ಕಪಕ್ಕದ ಇಬ್ಬರದು ಒಂದು ಜೋಡಿ. ಒಬ್ಬಳು ಎರಡೂ ಯಂತ್ರಕ್ಕೆ ಹತ್ತಿ ಕೊಡುತ್ತಾ ಓಡಾಡುವುದು, ಇನ್ನೊಬ್ಬಳು ಅಷ್ಟರಲ್ಲಿ ನಾಲ್ಕು ತುತ್ತು ಉಂಡು ಬರುವುದು. "ಕೈ ಕೊಡೂದು" ಅನ್ನುತ್ತಿದ್ದರು ಅದಕ್ಕೆ. "ಯಕ್ಕಾ, ಇವತ್ತು ನನಗ ಮೊದಲ ಕೈ ಕೊಡು" ಅಂತ ಒಬ್ಬರಿಗೊಬ್ಬರು ಕೇಳಿಕೊಳ್ಳುತ್ತಿದ್ದರು. ಎಷ್ಟೋ ದಿನ ಎರಡನೆಯವಳ ಸರದಿ ಬರುತ್ತಲೇ ಇರಲಿಲ್ಲ. ಸಂಜೆ ಶೆಡ್ಡಿಗೆ ಹೋಗಿಯೇ ಗಂಟು ಬಿಚ್ಚುವಳು.

ಯಾರು ಯಾವಾಗ ಉಂಡರು ನನಗೆ ಗೊತ್ತಾಗುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಊಟದ ಅಂಕಣ ಖಾಲಿ ಬಿಟ್ಟೆ. ತಪಾಸಣೆಗೆ ಬಂದ ಅಧಿಕಾರಿ ಅದನ್ನೇ ಹಿಡಿದರು. ಐದು ತಾಸು ದುಡಿದ ಮೇಲೆ ಅರ್ಧ ತಾಸು ವಿರಾಮ ಕೊಡಲೇಬೇಕು, ಕೊಟ್ಟದ್ದು ಎಲ್ಲಿ ಅಂತ ಸಾವುಕಾರರಿಗೆ ನೋಟಿಸು ಕೊಟ್ಟರು. ಸಾವುಕಾರರು ನನ್ನನ್ನು ನಿಲ್ಲಿಸಿ ಬೈದರು. "ಬರಿಯಾಕ ಇಟ್ಟೀನಿ ನಿನ್ನ, ಖಾಲಿ ಬಿಡಾಕಲ್ಲ" ಎಂದರು. ವಿರಾಮ ಕೊಡಿ ಅಂತ ಅಧಿಕಾರಿ ಹೇಳಿದ್ದು. ವಿರಾಮ ಬರೆಯಿರಿ ಅಂತ ನಾವು ಕೇಳಿಸಿಕೊಂಡೆವು. ಆ ಖಾಲಿ ಅಂಕಣ ನನಗೆ ಕಣ್ಣೊಳಗಿನ ಕಸವಾಯಿತು.

ಹೀಗಿರುವಾಗ ಹೊಸ ಮ್ಯಾನೇಜರು ಬಂದರು. ದಾವಣಗೆರೆ ಕಡೆಯವರು, ಮೃದುವಾದ ಮಾತು, ಯಾರನ್ನೂ ಏಕವಚನದಲ್ಲಿ ಕರೆಯುತ್ತಿರಲಿಲ್ಲ. ಅವರ ಜೊತೆಗೇ ಕಂಪ್ಯೂಟರು ಮತ್ತು ಹೆಬ್ಬೆರಳು ಇಡುವ ಯಂತ್ರ ಬಂದವು. ಹತ್ತಿ ತಿಕ್ಕಿ ತಿಕ್ಕಿ ಹೆಂಗಸರ ಬೆರಳಿನ ಗೆರೆ ಸವೆದಿದ್ದವು. ಯಂತ್ರ ಕೆಂಪು ದೀಪ ತೋರಿಸಿದರೆ ಬೆರಳನ್ನು ತಲೆಗೂದಲಿಗೆ ಒರೆಸಿ ಮತ್ತೆ ಇಡುತ್ತಿದ್ದರು. ಬೆಳಿಗ್ಗೆ ಬಂದಾಗ ಒಮ್ಮೆ, ಸಂಜೆ ಹೋಗುವಾಗ ಒಮ್ಮೆ. ಊಟಕ್ಕೆ ಬೆರಳು ಇಡಲು ಗೇಟಿನ ತನಕ ಬರುವಷ್ಟು ಪುರುಸೊತ್ತು ಯಾರಿಗಿತ್ತು?

ಒಂದು ದಿನ ಮ್ಯಾನೇಜರು ನನ್ನ ಕೋಣೆಗೇ ಬಂದು ಕೂತರು.

"ಶರಣಪ್ಪನವರೇ, ಊಟದ ಅರ್ಧ ಗಂಟೆ ತಾನಾಗೇ ಕಟ್ ಆಗೋ ಹಾಗೆ ಇದರಲ್ಲಿ ಮಾಡಬಹುದಂತೆ. ಮಾಡಿಬಿಡಿ. ಊಟದ ಹೊತ್ತಿಗೆ ಯಾವ ಮಾಲೀಕನೂ ಕೂಲಿ ಕೊಡಲ್ಲ, ಕಾನೂನೂ ಕೇಳಲ್ಲ. ತಪಾಸಣೆ ತಲೆನೋವೂ ಹೋಗುತ್ತೆ."

"ಸುಗ್ಗಿಯಾಗ ಎಲ್ಲಾರೂ ಉಣ್ಣಾಕ ಹೋಗಲ್ರಿ ಸರ್."

"ಹೋಗಬೇಡಿ ಅಂತ ನಾವು ಹೇಳಿದ್ದೀವಾ?"

ಹೇಳಿರಲಿಲ್ಲ, ಅದು ನಿಜ. ಯಂತ್ರ ನಿಲ್ಲಿಸಬೇಡಿ ಅಂತಷ್ಟೇ ಹೇಳಿದ್ದರು. ನಾನು ತಲೆ ಆಡಿಸಿದೆ.

ಯಂತ್ರ ಕೂಡಿಸಲು ಕಲಬುರಗಿಯಿಂದ ಒಬ್ಬ ನಡುವಯಸ್ಸಿನ ಮನುಷ್ಯ ಬಂದಿದ್ದ. ಪಾಪ, ತಿಳಿದವನು. ತಾಳ್ಮೆಯಿಂದ ತೋರಿಸಿಕೊಟ್ಟ. "ಇದನ್ನ ಎರಡು ರೀತಿ ಮಾಡಬಹುದ್ರಿ. ಒಂದು, ದಿನದ ಒಟ್ಟು ಹೊತ್ತಿನಾಗ ಮೂವತ್ತು ನಿಮಿಷ ಕಳೀತದ, ಅಷ್ಟೇ. ಯಾವಾಗ ಉಂಡ್ರು ಅಂತ ತೋರಸಂಗಿಲ್ಲ. ಇನ್ನೊಂದು, ಒಂದಕ್ಕ ಹೊರಗ ಹೋದ್ರು, ಒಂದೂವರಿಗಿ ಒಳಗ ಬಂದ್ರು ಅಂತ ತಾನೇ ಬರಕೋತದ. ಯಾವುದೇ ಮಾಡ್ರಿ, ಉಣ್ಣಾಕ ಹೋಗಲಾರದವರಿಗಿ ಒಂದು ಚೀಟಿ ಇಡ್ರಿ. ಮೇಸ್ತ್ರಿ ಸಹಿ ಮಾಡಿದ ಚೀಟಿ ಬಂದ್ರ ಆ ದಿನದ ಕಡಿತ ನೀವು ತೆಗೀಬಹುದು. ಅದು ಇಲ್ಲಂದ್ರ ಇದು ಸುಳ್ಳು ಲೆಕ್ಕ ಆಗ್ತದ್ರಿ ಸರ್."

ನಾನು ಎರಡನೆಯದನ್ನು ಆರಿಸಿದೆ. ಯಾರೂ ಒತ್ತಾಯ ಮಾಡಲಿಲ್ಲ. ಮ್ಯಾನೇಜರು ಅರ್ಧ ತಾಸು ಕಳೆಯಿರಿ ಅಂದಿದ್ದರು, ಗಳಿಗೆ ಬರೆಯಿರಿ ಅಂದಿರಲಿಲ್ಲ. ಪುಟ ತುಂಬಿ ಕಾಣಲಿ ಅಂತ ನಾನೇ ಮಾಡಿದೆ. ಮರುದಿನ ಕಾಗದ ಹೊರಗೆ ಬಂದಾಗ ನೋಡುತ್ತೇನೆ, ಇಡೀ ಸಾಲು ಒಂದಕ್ಕೆ ಹೊರಗೆ, ಒಂದೂವರೆಗೆ ಒಳಗೆ. ಒಂದು ಅಂಕಣವೂ ಖಾಲಿ ಇಲ್ಲ. ಎಷ್ಟು ಚಂದ ಕಂಡಿತೆಂದರೆ ಮನೆಗೂ ಒಂದು ಪ್ರತಿ ಒಯ್ದು ಹೆಂಡತಿಗೆ ತೋರಿಸಿದೆ. ಚೀಟಿಯ ಪುಸ್ತಕ ಒಂದು ಅಚ್ಚು ಹಾಕಿಸಿದ್ದೇನೋ ನಿಜ. ಅದು ನನ್ನ ಮೇಜಿನ ಖಾನೆಯಲ್ಲಿ ಉಳಿಯಿತು. ಹೆಂಗಸರಿಗೆ ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಗೊತ್ತೇ ಇಲ್ಲದ್ದನ್ನು ಹೇಗೆ ಕೇಳುತ್ತಾರೆ?

ಮೊದಲ ಪಗಾರದ ದಿನ ಸಾಬಮ್ಮ ಕಿಟಕಿಗೆ ಬಂದಳು. ಹಿಂದೆ ಏಳೆಂಟು ಜನ. ಪಕ್ಕದಲ್ಲಿ ಆಕೆಯ ನೆಗೆಣ್ಣಿ ಭೀಮವ್ವ, ಕಂಕುಳಲ್ಲಿ ಎಳೆಗೂಸು. ಆ ಸುಗ್ಗಿಗೆ ಸಾಬಮ್ಮನೇ ಆಕೆಯನ್ನು ಕರೆತಂದು ತನ್ನ ಪಕ್ಕದ ಯಂತ್ರಕ್ಕೆ ನಿಲ್ಲಿಸಿದ್ದಳು.

"ಅಣ್ಣಾರ, ದಿನಾ ಅರ್ಧ ತಾಸು ಎಲ್ಲಿ ಹೋಗ್ಯಾದರಿ?"

"ಊಟದ್ದು ಕಡೀತದವ್ವ. ಮಿಶನ್ ತಾನೇ ಕಡೀತದ."

"ನಾವು ಉಂಡಿಲ್ಲ, ಮಿಶನ್ ಹೆಂಗ ಉಣ್ತದರಿ ನಮ್ಮ ಪಾಲಿಂದು?"

ಹಿಂದಿದ್ದವರು ನಕ್ಕರು. ನನಗೂ ನಗು ಬಂತು, ಆದರೆ ಆಕೆ ನಗುತ್ತಿರಲಿಲ್ಲ. ಆಗ ಖಾನೆ ತೆರೆದು ಚೀಟಿಯ ಪುಸ್ತಕ ತೆಗೆಯಬಹುದಿತ್ತು. ದಿನಕ್ಕೆ ನಲವತ್ತು ಚೀಟಿ ಬಂದರೆ ನಲವತ್ತು ಸಲ ತಿದ್ದಬೇಕು, ಮೇಸ್ತ್ರಿ ಮುಖ ಗಂಟು ಹಾಕುತ್ತಾನೆ, ಮ್ಯಾನೇಜರು ಕರೆಸುತ್ತಾರೆ. ಇಷ್ಟೇ ನನ್ನ ತಲೆಯಲ್ಲಿ ಬಂದದ್ದು. "ಮ್ಯಾನೇಜರಿಗಿ ಕೇಳ್ರವ್ವ, ನನ್ನ ಕೈಯಾಗ ಏನದ" ಎಂದೆ. ಮ್ಯಾನೇಜರು ಅವರನ್ನು ಕೂರಿಸಿ ನೀರು ಕುಡಿಸಿ, ಅರ್ಧ ಗಂಟೆ ನಿಮ್ಮ ಹಕ್ಕು ಕಣಮ್ಮಾ, ಆರಾಮಾಗಿ ಊಟ ಮಾಡಿ ಅಂತ ಹೇಳಿ ಕಳಿಸಿದರು. ಯಂತ್ರ ನಿಲ್ಲಲಿಲ್ಲ. ಸಾಬಮ್ಮ ಆಮೇಲೆ ಬೆಳಿಗ್ಗೆ ಕೀಲಿಯ ಮಾತು ಕೇಳುವುದನ್ನು ಬಿಟ್ಟಳು. ಬೆರಳು ಇಟ್ಟು ಸುಮ್ಮನೆ ಒಳಗೆ ಹೋಗುತ್ತಿದ್ದಳು.

ಆ ಸುಗ್ಗಿಯ ನಡು ಭಾಗ. ಮಧ್ಯಾಹ್ನ ಭೀಮವ್ವನ ಕೂಸು ಶೆಡ್ಡಿನ ಹಿಂದೆ ಜೋಳಿಗೆಯಲ್ಲಿ ಅಳುತ್ತಿತ್ತು. "ಹೋಗು, ಕೂಸಿಗಿ ಹಾಲು ಕುಡಿಸಿ, ನೀನೂ ಉಂಡು ಬಾ, ನಾ ಕೈ ಕೊಡ್ತೀನಿ" ಅಂತ ಸಾಬಮ್ಮ ಆಕೆಯನ್ನು ಕಳಿಸಿ, ಎರಡೂ ಯಂತ್ರ ನೋಡಿಕೊಳ್ಳುತ್ತಿದ್ದಳು. ಭೀಮವ್ವನ ಯಂತ್ರದಲ್ಲಿ ಹತ್ತಿ ಗಂಟಾಗಿ ಸಿಕ್ಕಿಕೊಂಡಿತು. ಅದನ್ನು ನೂಕಲು ಕೋಲು ಇರುತ್ತದೆ. ಸಾಬಮ್ಮನ ಕೋಲು ಆಕೆಯ ಯಂತ್ರದ ಹತ್ತಿರ ಉಳಿದಿತ್ತು. ಅಲ್ಲಿ ಹತ್ತಿ ಮುಗಿಯುತ್ತಿದೆ, ಇಲ್ಲಿ ಸಿಕ್ಕಿಕೊಂಡಿದೆ. ಕೈಯಿಂದಲೇ ನೂಕಿದಳು.

ಕೂಗು ನನ್ನ ಕೋಣೆಯ ತನಕ ಬಂತು. ನಾನು ಓಡುವಷ್ಟರಲ್ಲಿ ಕರೆಂಟು ತೆಗೆದಿದ್ದರು. ಅಷ್ಟು ವರ್ಷದಲ್ಲಿ ಸುಗ್ಗಿಯ ಮಧ್ಯಾಹ್ನ ಮಿಲ್ಲು ಅಷ್ಟು ಸ್ತಬ್ಧವಾದದ್ದು ಅದೇ ಮೊದಲು. ಬಲಗೈಯ ನಾಲ್ಕು ಬೆರಳು ಹೋಗಿದ್ದವು. ಬಿಳಿ ಅರಳೆಯ ಮೇಲೆ ಬಿದ್ದದ್ದನ್ನು ನಾನು ಬರೆಯಲಾರೆ. ಸಾಬಮ್ಮ ಅಳುತ್ತಿರಲಿಲ್ಲ. ಎಡಗೈಯಿಂದ ಬಲಗೈ ಹಿಡಿದುಕೊಂಡು, "ಭೀಮಿ ಎಲ್ಲಿ? ಕೂಸು ಹಾಲು ಕುಡೀತೇನು?" ಅಂತ ಕೇಳುತ್ತಿದ್ದಳು. ಜೀಪಿನಲ್ಲಿ ಹಾಕಿ ಆಸ್ಪತ್ರೆಗೆ ಒಯ್ದರು. ಕರೆಂಟಿನ ಮನುಷ್ಯ ತನ್ನ ಪುಸ್ತಕದಲ್ಲಿ ಯಂತ್ರ ನಿಲ್ಲಿಸಿದ ಹೊತ್ತು ಬರೆದ: ಒಂದು ಗಂಟೆ ಹನ್ನೆರಡು ನಿಮಿಷ. ಸಾಬಮ್ಮನ ರೊಟ್ಟಿಯ ಗಂಟು ಗೋಡೆಯ ಮೊಳೆಗೆ ಕಟ್ಟಿದ ಹಾಗೇ ಇತ್ತು. ಅದನ್ನು ಭೀಮವ್ವ ಇಳಿಸಿಕೊಂಡು ಎದೆಗೆ ಅವುಚಿಕೊಂಡು ಅತ್ತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇಲ್ಲಿಯವರೆಗೆ ನಾನು ಹೇಳಿದ್ದು ಸೋಮಾರಿತನ, ಹೆದರಿಕೆ. ಇನ್ನು ಮುಂದಿನದು ಬೇರೆ.

ಸಂಜೆ ಮ್ಯಾನೇಜರು ಆಸ್ಪತ್ರೆಯಿಂದ ಫೋನು ಮಾಡಿದರು. "ಶರಣಪ್ಪನವರೇ, ಇವತ್ತಿನ ರೆಕಾರ್ಡು ಒಂದು ಸಲ ನೋಡಿಬಿಡಿ, ಸರಿ ಇದೆಯಾ ಅಂತ." ಅಷ್ಟೇ ಹೇಳಿದ್ದು. ನಾನು ತೆರೆದೆ. ಸಾಬಮ್ಮನ ಹೆಸರಿನ ಮುಂದೆ ಬೆಳಿಗ್ಗೆ ಬಂದ ಹೊತ್ತು ಇತ್ತು. ಒಂದಕ್ಕೆ ಹೊರಗೆ ಅಂತ ಇತ್ತು. ಒಂದೂವರೆಗೆ ಒಳಗೆ ಅಂತಲೂ ಇತ್ತು. ಒಂದೂವರೆಗೆ ಆಕೆ ಕೈಗೆ ಸೀರೆ ಸುತ್ತಿಕೊಂಡು ಜೀಪಿನಲ್ಲಿ ಮಲಗಿದ್ದಳು. ಯಂತ್ರಕ್ಕೆ ಏನು ಗೊತ್ತು? ನಾನು ಹೇಳಿಕೊಟ್ಟದ್ದನ್ನು ಬರೆದಿತ್ತು.

ಆ ಒಂದೂವರೆಯ ಹೊತ್ತು ಹಾಗೇ ಇದ್ದಿದ್ದರೆ, ನೋಡಿದ ಯಾವ ದಡ್ಡನಿಗೂ ತಿಳಿಯುತ್ತಿತ್ತು. ಈ ಕಾಗದ ಸುಳ್ಳು, ಇಲ್ಲಿ ಊಟದ ಹೊತ್ತು ಯಾರೂ ಬೆರಳಿಟ್ಟು ಬರೆಸಿದ್ದಲ್ಲ ಅಂತ. ನಾನು ಆ ಒಂದೂವರೆಯನ್ನು ಅಳಿಸಿದೆ. ಒಂದಕ್ಕೆ ಹೊರಗೆ ಹೋದದ್ದನ್ನು ಹಾಗೇ ಬಿಟ್ಟೆ. ಅಳಿಸು ಅಂತ ಮ್ಯಾನೇಜರು ಹೇಳಲಿಲ್ಲ, ಯಾರೂ ಹೇಳಲಿಲ್ಲ. ಸಹಿಗೆ ಹೋಗುವ ಪುಟದಲ್ಲಿ ತಪ್ಪು ಇರಬಾರದು ಅಂತ ಕೈ ತಾನೇ ಹೋಯಿತು ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಅಳಿಸುವಾಗ ಏನು ಮಾಡುತ್ತಿದ್ದೇನೆ ಅಂತ ನನಗೆ ಗೊತ್ತಿತ್ತು. ನನ್ನ ನೌಕರಿ ಉಳಿಸಿಕೊಳ್ಳುತ್ತಿದ್ದೆ.

ಪರಿಹಾರದ ವಿಚಾರಣೆ ಯಾದಗಿರಿಯಲ್ಲಿ ನಡೆಯಿತು. ಸಾಬಮ್ಮ ಭೀಮವ್ವನ ಜೊತೆ ಬಸ್ಸಿಗೆ ಬಂದಿದ್ದಳು. ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಆಕೆಯ ಪರ ಯಾರೋ ಒಬ್ಬ ವಕೀಲ ಇದ್ದ. ಕಾಗದ ಓದಿಯೇ ಇರಲಿಲ್ಲ ಅಂತ ಕಾಣುತ್ತದೆ, ಕೂತಲ್ಲಿಯೇ ಹಾಳೆ ಮಗುಚುತ್ತಿದ್ದ. ಮಿಲ್ಲಿನ ಪರ ವಕೀಲರು ತಯಾರಾಗಿ ಬಂದಿದ್ದರು. ಅವರ ವಾದ ಇಷ್ಟೇ. ಅಪಘಾತ ಆದದ್ದು ಒಂದು ಹನ್ನೆರಡಕ್ಕೆ. ದಾಖಲೆಯ ಪ್ರಕಾರ ಆಗ ಈಕೆ ಊಟದ ವಿರಾಮದಲ್ಲಿದ್ದಳು. ವಿರಾಮದಲ್ಲಿ ತನ್ನದಲ್ಲದ ಯಂತ್ರಕ್ಕೆ ತಾನಾಗಿ ಹೋಗಿ ಕೈ ಹಾಕಿದ್ದಾಳೆ. ಮಿಲ್ಲು ಕೊಟ್ಟ ಕೆಲಸ ಮಾಡುವಾಗ ಆದದ್ದಲ್ಲ ಇದು.

ಭೀಮವ್ವ ಎದ್ದು ನಿಂತು, "ನಮ್ಮಕ್ಕ ಉಂಡಿದ್ದಿಲ್ರಿ ಸಾಹೇಬ್ರ. ಗಂಟು ನಾನೇ ಬಿಚ್ಚೀನಿ. ರೊಟ್ಟಿ ಅಷ್ಟೂ ಹಂಗೇ ಇದ್ವು" ಎಂದಳು. ಒಂದೇ ಮನೆಯವಳ ಮಾತು ಅಂತ ಮಿಲ್ಲಿನ ವಕೀಲರು ಅದನ್ನು ಅಲ್ಲಿಗೇ ತಳ್ಳಿಹಾಕಿದರು. ಆಮೇಲೆ ನನ್ನನ್ನು ಕರೆದರು. ಈ ದಾಖಲೆ ನಿಮ್ಮದೋ? ಹೌದು. ಒಂದಕ್ಕೆ ಹೊರಗೆ ಅಂತ ಇದೆಯೋ? ಇದೆ. ಒಳಗೆ ಬಂದದ್ದು ಇದೆಯೋ? ಇಲ್ಲ. ಪ್ರಶ್ನೆಗಳು ಎಷ್ಟು ಸಲೀಸಾಗಿದ್ದವೆಂದರೆ ಒಂದಕ್ಕೂ ನಾನು ಸುಳ್ಳು ಹೇಳಬೇಕಾಗಲಿಲ್ಲ.

ಆಗ ಸಾಬಮ್ಮ ಕೂತಲ್ಲಿಂದಲೇ ಮಾತಾಡಿದಳು. "ಅಣ್ಣಾರ, ಒಂದಕ್ಕ ನಾ ಬೆರಳು ಇಟ್ಟಿಲ್ರಿ. ನಿಮಗ ಗೊತ್ತದ. ಹೇಳ್ರಿ ಸಾಹೇಬ್ರಿಗಿ."

ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಒಳ್ಳೆಯವರೇ. ಕೈ ಎತ್ತಿ ವಕೀಲರನ್ನು ಸುಮ್ಮನಾಗಿಸಿ ನನ್ನನ್ನೇ ನೋಡಿದರು. "ಹೇಳಿ. ಆ ಹೊತ್ತಿಗೆ ಈಕೆ ಬೆರಳು ಇಟ್ಟಿದ್ದಾಳಾ?"

ಅದೊಂದೇ ಪ್ರಶ್ನೆ. ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಮ್ಯಾನೇಜರು ಹಿಂದಿನ ಬೆಂಚಿನಲ್ಲಿ ಕೂತು ಕನ್ನಡಕ ಒರೆಸುತ್ತಿದ್ದರು.

"ಅದು ಯಂತ್ರ ದಾಖಲು ಮಾಡಿದ್ದು ಸಾಹೇಬ್ರೆ" ಎಂದೆ.

ಅವರು ಬರೆದುಕೊಂಡರು. ಸಾಬಮ್ಮ ನನ್ನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ಚೆನ್ನಾಗಿತ್ತು.

ಪರಿಹಾರ ಸಿಗಲಿಲ್ಲ. ಆಸ್ಪತ್ರೆಯ ಖರ್ಚನ್ನು ಮಿಲ್ಲಿನವರು ದಯೆಯಿಂದ ಕೊಟ್ಟರು ಅಂತ ಬರೆಸಿಕೊಂಡು ಹೆಬ್ಬೆಟ್ಟು ಒತ್ತಿಸಿದರು, ಎಡಗೈದು. ಹದಿನೈದು ದಿನ ಒಂದಕ್ಕೆ ಯಂತ್ರ ನಿಲ್ಲಿಸಿದರು. ಆಮೇಲೆ ಗಾಡಿಗಳ ಸಾಲು ಬೆಳೆಯಿತು, ಮತ್ತೆ ಕೈ ಕೊಡುವುದು ಶುರುವಾಯಿತು. ಮುಂದಿನ ಸುಗ್ಗಿಗೆ ಸಾಬಮ್ಮ ಗೇಟಿಗೆ ಬಂದು ಕಸ ಗುಡಿಸುವ ಕೆಲಸವಾದರೂ ಕೊಡಿ ಅಂತ ಕೇಳಿದಳು. ಒಳಗಿನಿಂದ ಬೇಡ ಅಂತ ಬಂತು. ಅದನ್ನು ಆಕೆಗೆ ಹೇಳಬೇಕಾದವನು ನಾನೇ, ಕಿಟಕಿಯಲ್ಲಿ ಕೂತವನು. ಹೇಳಿದೆ. "ಆಗಲಿ ಬಿಡ್ರಿ" ಅಂತ ಹೋದಳು.

ಮ್ಯಾನೇಜರು ಒಂದು ಮಾತ್ರ ಬದಲಾಯಿಸಲು ಹೇಳಿದರು. "ಆ ಒಂದು, ಒಂದೂವರೆ ಅಂತ ಬರೆಯೋದು ಬೇಡ. ಬರೀ ಮೂವತ್ತು ನಿಮಿಷ ಕಳೆಯೋ ಹಾಗೆ ಇಡಿ." ಹಾಗೇ ಇಟ್ಟೆ. ಆಮೇಲೆ ಯಾರು ಯಾವ ಹೊತ್ತಿನಲ್ಲಿ ಉಂಡರು ಅಂತ ಯಾವ ಕಾಗದದಲ್ಲೂ ಇರಲಿಲ್ಲ, ಅರ್ಧ ತಾಸು ಮಾತ್ರ ದಿನಾ ಹೋಗುತ್ತಿತ್ತು. ನಾನು ಮತ್ತೂ ಆರು ವರ್ಷ ಅದೇ ಕುರ್ಚಿಯಲ್ಲಿ ಕೂತೆ. ಬಿಡುವ ದಿನ ಶಾಲು ಹೊದಿಸಿದರು. ಒಂದು ದಿನವೂ ದಾಖಲೆಯಲ್ಲಿ ತಪ್ಪು ಮಾಡದ ಮನುಷ್ಯ ಅಂತ ಸಾವುಕಾರರು ನಾಲ್ಕು ಜನರ ಮುಂದೆ ಹೊಗಳಿದರು. ಮನೆಗೆ ಬಂದು ಶಾಲನ್ನು ಹೆಂಡತಿಯ ಕೈಗೆ ಕೊಟ್ಟು, ನನ್ನ ಕಣ್ಣಿಗೆ ಬೀಳದ ಹಾಗೆ ಇಡು ಅಂದೆ.

ಕೆಲಸ ಬಿಟ್ಟ ಮರುವರ್ಷ ಸುರಪುರದ ಮೇಲೆ ಬಸ್ಸು ಹಿಡಿದು ಕಕ್ಕೇರಾಕ್ಕೆ ಹೋದೆ. ಯಾಕೆ ಆಗ ಹೋದೆ, ಮೊದಲೇ ಯಾಕೆ ಹೋಗಲಿಲ್ಲ ಅಂತ ಕೇಳಬೇಡಿ. ನೌಕರಿ ಇರುವ ತನಕ ಧೈರ್ಯ ಇರಲಿಲ್ಲ, ಅಷ್ಟೇ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕೈ ಹೋದ ಸಾಬಮ್ಮ ಅಂದ ಕೂಡಲೇ ತೋರಿಸಿದರು. ಸಾಬಮ್ಮ ಅಂಗಳದಲ್ಲಿ ಕೂತು ಎಡಗೈಯಿಂದ ತೊಗರಿ ಹಸನು ಮಾಡುತ್ತಿದ್ದಳು. ಮೊರದ ಒಂದು ಅಂಚನ್ನು ಮೊಣಕಾಲಿಗೆ ಆನಿಸಿಕೊಂಡಿದ್ದಳು. ಕೂದಲು ನೆರೆತಿತ್ತು. ನನ್ನನ್ನು ಗುರುತು ಹಿಡಿದಳು.

"ಬರ್ರಿ ಅಣ್ಣಾರ. ಕುಂದರ್ರಿ" ಎಂದು, ಒಳಗಿದ್ದ ಮಗಳಿಗೆ ನೀರು ತರಲು ಹೇಳಿದಳು. ನಾನು ಕೂಡಲಿಲ್ಲ. ಕೂತರೆ ಹೇಳಲಾರೆ ಅನ್ನಿಸಿ, ನಿಂತುಕೊಂಡೇ ಎಲ್ಲ ಹೇಳಿದೆ. ಊಟದ ಹೊತ್ತು ಯಂತ್ರದಲ್ಲಿ ಬರೆದಿಟ್ಟವನು ನಾನು. ಚೀಟಿಯ ಪುಸ್ತಕ ಮುಚ್ಚಿಟ್ಟವನು ನಾನು. ಒಂದೂವರೆಯ ಹೊತ್ತು ಅಳಿಸಿದವನು ನಾನು. ಯಾದಗಿರಿಯಲ್ಲಿ ಇಲ್ಲ ಅನ್ನಬೇಕಾದ ಕಡೆ ನುಣುಚಿಕೊಂಡವನೂ ನಾನು. ಹೇಳುತ್ತ ಹೇಳುತ್ತ ಅಳು ಬಂತು. ಅರವತ್ತು ದಾಟಿದ ಗಂಡಸು ಪರರ ಅಂಗಳದಲ್ಲಿ ನಿಂತು ಅತ್ತೆ. ಆಕೆ ಏನಾದರೂ ಬೈದಾಳು, ಇಲ್ಲವೇ ಆಗಿದ್ದು ಆಗಿ ಹೋಯಿತು ಬಿಡ್ರಿ ಅಂದಾಳು ಅಂದುಕೊಂಡಿದ್ದೆ. ಎರಡಕ್ಕೂ ತಯಾರಾಗಿ ಹೋಗಿದ್ದೆ.

ಸಾಬಮ್ಮ ಮೊರ ಕೆಳಗಿಟ್ಟಳು.

"ಆ ಹೊತ್ತಿನಾಗ ನಾ ಮಿಶನ್ ಮುಂದ ಇದ್ದೆ. ಉಂಡಿದ್ದಿಲ್ಲ. ಒಂದೂವರಿಗಿ ಜೀಪಿನಾಗ ಇದ್ದೆ. ಇದೆಲ್ಲ ನನಗ ಗೊತ್ತದಲ್ರಿ ಅಣ್ಣಾರ" ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುವವರ ಹಾಗೆ ಕೇಳಿದಳು. "ಗೊತ್ತಿದ್ದಾಕಿಗೇ ಹೇಳಾಕ ಇಷ್ಟು ದೂರ ಬಂದ್ರೇನ್ರಿ? ಗೊತ್ತಿಲ್ಲದವರಿಗಿ ಹೇಳಬೇಕಿತ್ತಲ್ರಿ."

ಮಗಳು ತಂದ ನೀರು ಕುಡಿದು ಬಸ್ ನಿಲ್ದಾಣಕ್ಕೆ ನಡೆದೆ.

ಈಗ ಗೊತ್ತಿಲ್ಲದವರಿಗೆ ಹೇಳಿದ್ದೇನೆ. ಸಾಬಮ್ಮನಿಗೆ ಇದರಿಂದ ಏನೂ ಸಿಗುವುದಿಲ್ಲ.